ಒಂದೇ ಪಂಕ್ತಿಯ ನಾಲ್ಕು ರಿಮೋಟು

ನಮ್ಮ ಮನೆಯವರ ಹೆಸರು ಅಮರೇಶಪ್ಪ. ಬಾಯಿಬಿಟ್ಟು ಹೇಳುವ ರೂಢಿ ನನಗಿಲ್ಲ, ಬರೆಯಲು ಅಡ್ಡಿಯಿಲ್ಲ. ಲಿಂಗಸುಗೂರು ಕಡೆಯವರು. ಹೈದರಾಬಾದಿಗೆ ಬಂದು ಬೇಗಂ ಬಜಾರಿನ ಬೇಳೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಸೇರಿ ಅಲ್ಲಿಯೇ ತಲೆ ಬೆಳ್ಳಗೆ ಮಾಡಿಕೊಂಡರು. ಆದರೆ ಕಾಚಿಗೂಡದ ನಮ್ಮ ಮಂದಿಯನ್ನು ಕೇಳಿದರೆ ಅಂಗಡಿಯ ಮಾತು ಯಾರೂ ಎತ್ತುವುದಿಲ್ಲ, 'ನೀಡೋ ಅಮರೇಶಪ್ಪ', ಅಂದರೆ ಬಡಿಸುವ ಅಮರೇಶಪ್ಪ, ಅನ್ನುತ್ತಾರೆ. ಮದುವೆಯಿರಲಿ, ಬಸವ ಜಯಂತಿಯಿರಲಿ, ಊಟದ ಪಂಕ್ತಿ ಇವರ ಸುಪರ್ದಿನಲ್ಲಿರುತ್ತದೆ. ಸಾರಿನ ಬಕೀಟು ಹಿಡಿದವರ ಬೆನ್ನ ಹಿಂದೆಯೇ ನಡೆಯುತ್ತ, "ತಳದಾಗಿನ ಬ್ಯಾಳಿ ಎಲ್ಲಾರಿಗೂ ಬರಲಿ, ಕಲಿಸಿ ನೀಡ್ರಿ" ಎಂದು ಅವರ ಜೀವ ತಿನ್ನುತ್ತಾರೆ. ಎಂಥ ದೊಡ್ಡ ಮನುಷ್ಯ ಬಂದು ಕೂತರೂ ಅವನ ಎಲೆಗೆ ಒಂದು ಹೋಳಿಗೆ ಹೆಚ್ಚಿಗೆ ಬೀಳಗೊಡುವುದಿಲ್ಲ. ಪಂಕ್ತಿಭೇದವಾಯಿತೆಂದರೆ ಆ ದಿನ ಇವರು ಊಟವನ್ನೇ ಮಾಡುವುದಿಲ್ಲ.

ಊರಿಗೆ ಇದು ದೊಡ್ಡ ಗುಣ. ಮನೆಯಲ್ಲಿ ಚಹಾದ ಎರಡು ಲೋಟಗಳ ಮಟ್ಟ ನೋಡಿ ಆಮೇಲೆ ಕುಡಿಯುವ ಗಂಡನ ಜೊತೆ ಬಾಳುವವಳಿಗೆ ಮಾತ್ರ ಅದರ ಕಷ್ಟ ಗೊತ್ತು.

ನಮಗೊಬ್ಬಳೇ ಮಗಳು, ಪಿಂಕಿ. ಹೋದ ದೀಪಾವಳಿಯ ಹೊತ್ತಿಗೆ ಗಂಡನ ಮನೆ ಬಿಟ್ಟು ಬಂದಳು. ಯಾಕೆಂದು ಇಲ್ಲಿ ಬರೆಯುವುದಿಲ್ಲ. ಬಂದದ್ದು ಒಳ್ಳೆಯದಾಯಿತು, ಅಷ್ಟು ಸಾಕು. ಬಂದವಳು ಹಿಂದಿನ ಕೋಣೆ ಹಿಡಿದಳು. ಕಂಪನಿಯ ಕೆಲಸ ಅಲ್ಲಿಂದಲೇ, ಕೆಲಸ ಮುಗಿದರೆ ಟಿವಿಗೆ ಜೋಡಿಸಿದ ಗೇಮಿನ ಪೆಟ್ಟಿಗೆ. ಊಟಕ್ಕೆ ಬರುತ್ತಿದ್ದಳು, ತಟ್ಟೆ ತೊಳೆದಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಆ ಚಿಲಕದ ಸದ್ದು ಕೇಳಿದರೆ ನಾನು ಕೈಗೆತ್ತಿಕೊಂಡ ಕೆಲಸ ಬಿಟ್ಟು ನಿಲ್ಲುತ್ತಿದ್ದೆ. ಇವರಂತೂ ಆ ಬಾಗಿಲ ಮುಂದೆ ಹೆಜ್ಜೆ ಸಪ್ಪಳ ಕೂಡ ಆಗದಂತೆ ತಿರುಗಾಡುತ್ತಿದ್ದರು.

ಮೊನ್ನೆ ಆಷಾಢದಲ್ಲಿ ಒಂದು ದಿನ ರೊಟ್ಟಿ ಮುರಿಯುತ್ತ ಅವಳೇ ಬಾಯಿ ತೆಗೆದಳು.

"ಅಪ್ಪಾ, ಭಾನುವಾರ ಗೆಳೆಯರು ಬರತಾರ. ಮೂರು ಮಂದಿ. ಗೇಮ್ ಆಡಾಕ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ತಾನಾಗಿ ಯಾರನ್ನಾದರೂ ಕರೆಯುವುದಿರಲಿ, ಬಂದ ನೆಂಟರಿಗೂ ಅವಳು ಮುಖ ತೋರಿಸಿರಲಿಲ್ಲ. ಅವಳೇ ಬಿಡಿಸಿ ಹೇಳಿದಳು: ದಿಲ್‌ಸುಖ್‌ನಗರದ ಚೇತನಕುಮಾರ, ಅವಳ ಕಾಲೇಜಿನ ಗೆಳೆಯ, ತನ್ನ ಪೆಟ್ಟಿಗೆಯನ್ನೂ ತರುತ್ತಾನೆ. ಪಡಸಾಲೆಯ ಟಿವಿಯಲ್ಲಿ ಇಬ್ಬರು, ಅವಳ ಕೋಣೆಯಲ್ಲಿ ಇಬ್ಬರು, ಎಲ್ಲರೂ ಸೇರಿ ಒಂದೇ ಫುಟ್‌ಬಾಲ್ ಆಟ. ವೈಫೈ ಡಬ್ಬಿ ಇರುವುದು ಪಡಸಾಲೆಯಲ್ಲಿ, ನಮ್ಮ ಹಳೆಯ ಕಲ್ಲುಗೋಡೆ ದಾಟಿ ಹಿಂದಿನ ಕೋಣೆಗೆ ಅದು ಸರಿಯಾಗಿ ಬರುವುದಿಲ್ಲ. ಅದಕ್ಕೆ ಎರಡು ಕೇಬಲ್ಲು, ಅವೆರಡನ್ನೂ ಕೂಡಿಸುವ ಸ್ವಿಚ್ ಎಂಬ ಪುಟ್ಟ ಡಬ್ಬಿ, ಕೈಯಲ್ಲಿ ಹಿಡಿದು ಆಡುವ ರಿಮೋಟುಗಳು ಬೇಕು.

"ಕೇಬಲ್ ಇಲ್ಲಾಂದ್ರ ಲ್ಯಾಗ್ ಆಗತೈತಿ. ಒಬ್ಬರಿಗೆ ಮೊದಲ ಕಾಣತೈತಿ, ಇನ್ನೊಬ್ಬರಿಗೆ ತಡಾಗಿ."

ಇವರ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. "ಒಬ್ಬರಿಗೆ ಮೊದಲ, ಒಬ್ಬರಿಗೆ ತಡಾಗಿ?"

"ಹೂಂ. ಹಂಗಾದ್ರ ಮತ್ತ ಯಾರೂ ಬರೂದಿಲ್ಲ" ಎಂದು ಪಿಂಕಿ ಎದ್ದು ಹೋದಳು. ಒಳಗೆ ಚಿಲಕ ಬಿತ್ತು.

ಮತ್ತೆ ಯಾರೂ ಬರುವುದಿಲ್ಲ ಎಂಬ ಮಾತು ನಮ್ಮಿಬ್ಬರನ್ನೂ ನಾಲ್ಕು ದಿನ ತಿಂದಿತು. ಈ ಭಾನುವಾರ ಕೆಟ್ಟರೆ ಅವಳು ಇನ್ನೊಂದು ಸಲ ಯಾರನ್ನೂ ಕರೆಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಇವರಿಗೂ ಅದೇ ಭಯ. ಪಿಂಕಿ ತಾನೇ ತರಿಸಿಕೊಳ್ಳುತ್ತೇನೆ ಎಂದರೂ ಇವರು ಬಿಡಲಿಲ್ಲ, "ಮನಿಗೆ ಬರೋ ಮಂದಿಗೆ ನಾ ನೋಡ್ಕೋತೀನಿ" ಎಂದು ನನ್ನನ್ನೂ ಎಳೆದುಕೊಂಡು ಕೋಠಿಯ ಬಜಾರಿಗೆ ಹೊರಟರು.

ಮೊದಲ ಅಂಗಡಿಯಲ್ಲಿ ಸ್ವಿಚ್ ಕೇಳಿದ್ದಕ್ಕೆ ಅವನು ಕಾಲಿಂಗ್ ಬೆಲ್ಲಿನ ಗುಂಡಿ ತೆಗೆದು ತೋರಿಸಿದ. ಎರಡನೆಯವನಿಗೆ ಅರ್ಥವಾಯಿತು. ಮನೆಯ ಅಳತೆ ಕೇಳಿ ಒಂದು ಇಪ್ಪತ್ತು ಮೀಟರಿನ ಕೇಬಲ್ಲು, ಒಂದು ಎರಡು ಮೀಟರಿನದು ಎತ್ತಿಟ್ಟ. ಪಡಸಾಲೆಯ ಟಿವಿ ಡಬ್ಬಿಯ ಪಕ್ಕದಲ್ಲೇ ಇದೆಯಲ್ಲ, ಅದಕ್ಕೆ ಅಷ್ಟೇ ಸಾಕು.

"ನಕ್ಕೋ. ದೋನೋ ಬರಾಬರ್ ದೇವ್" ಎಂದರು ಇವರು, ಬೇಡ, ಎರಡೂ ಒಂದೇ ಅಳತೆಯದು ಕೊಡು ಅಂತ.

ಉದ್ದ ಎಷ್ಟಿದ್ದರೂ ಮನೆಯೊಳಗೆ ವ್ಯತ್ಯಾಸ ಬೀಳುವುದಿಲ್ಲ ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಎಲೆ ಅಡುಗೆಮನೆಯ ಬಾಗಿಲಲ್ಲಿ, ಇನ್ನೊಂದು ಓಣಿಯ ತುದಿಯಲ್ಲಿ ಹಾಕಿದರೆ ಸಾರು ಯಾರಿಗೆ ಬಿಸಿ ಮುಟ್ಟುತ್ತದೆ ಎಂದು ನನ್ನನ್ನು ಕೇಳಿದರು. ನನಗೆ ನಾಚಿಕೆಯಾಗಿ ರಸ್ತೆಯ ಕಡೆ ನೋಡಿದೆ. ರಿಮೋಟಿನಲ್ಲೂ ಇದೇ ಪಾಡು. ಪಿಂಕಿಯದೂ ಚೇತನನದೂ ಅಸಲಿ ಕಂಪನಿಯ ಮಾಲು, ಅಂಥವು ಇನ್ನೆರಡು ಸಿಕ್ಕಿದ್ದರೆ ಸಾಕಿತ್ತು. ಅಂಗಡಿಯಲ್ಲಿ ಆ ನಮೂನೆ ಮುಗಿದಿತ್ತು, ಇದ್ದದ್ದೆಲ್ಲ ಡೂಪ್ಲಿಕೇಟು. ಇವರು ಬಹಳ ಹೊತ್ತು ಗದ್ದ ಕೆರೆದು ಡೂಪ್ಲಿಕೇಟನ್ನೇ ನಾಲ್ಕು ಕಟ್ಟಿಸಿದರು. ಇಬ್ಬರಿಗೆ ಒಳ್ಳೆಯದು, ಇಬ್ಬರಿಗೆ ಕಳಪೆಯದು ಕೊಟ್ಟರೆ ಬಂದವರಿಗೆ ಅವಮಾನ ಎಂಬುದು ಇವರ ನ್ಯಾಯ.

ಶನಿವಾರ ಇವರೇ ಗೋಡೆಯಂಚಿಗೆ ಕೇಬಲ್ ಹಾಸಿ, ಪಿಂಕಿಯ ಕೋಣೆಯ ಹೊಸ್ತಿಲು ದಾಟಿಸಿದರು. ಸಂಜೆ ಅವಳು ಬಾಗಿಲು ಹಾಕಲು ಹೋದರೆ ಕದ ಕೇಬಲ್ಲಿಗೆ ತಾಗಿ ನಿಂತಿತು. ಹಳೆಯ ತೇಗದ ಕದ, ಹೊಸ್ತಿಲಿಗೆ ಅಂಟಿಕೊಂಡೇ ಕೂಡುವಂಥದ್ದು. ಒತ್ತಿದರೆ ಕೇಬಲ್ ತುಂಡಾಗುತ್ತದೆ. ಅವಳ ಮುಖ ಬಿಗಿಯಿತು.

"ಬ್ಯಾರೆ ದಾರಿ ಮಾಡ್ತೀನವ್ವಾ, ಕಿಟಕ್ಯಾಗ ಹಾಯಸ್ತೀನಿ" ಎಂದು ಇವರು ಗಡಿಬಿಡಿಯಾದರು.

"ಬ್ಯಾಡ. ನಾಳೆತನಕ ಅಷ್ಟ" ಎಂದಳು. ಕದ ನಾಲ್ಕು ಬೆರಳಿನಷ್ಟು ತೆರೆದೇ ಉಳಿಯಿತು.

ಭಾನುವಾರ ಮಧ್ಯಾಹ್ನ ಚೇತನಕುಮಾರ ಬಂದ, ಜೊತೆಗೆ ಇಬ್ಬರು ತೆಲುಗು ಹುಡುಗಿಯರು. ಅವನು ಚೀಲದಿಂದ ತನ್ನ ರಿಮೋಟು ತೆಗೆಯುವಷ್ಟರಲ್ಲಿ ಇವರು ಕೈ ಚಾಚಿದರು. "ಅದನ್ನ ಇತ್ಲಾಗ ಕೊಡಪ್ಪ. ಎಲ್ಲಾರಿಗೂ ಒಂದ ನಮೂನಿದು ತಂದೀನಿ." ಹುಡುಗ ಪಿಂಕಿಯ ಮುಖ ನೋಡಿ ಕೊಟ್ಟ. ಅದನ್ನು ಗೋಡೆಯ ಗೂಡಿನಲ್ಲಿಟ್ಟರು, ಪಿಂಕಿಯದನ್ನು ಇವರು ಆಗಲೇ ಅಲ್ಲಿಟ್ಟಿದ್ದರು. ನಾನು ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣೆ ಮಾಡಲು ಅಡುಗೆಮನೆಗೆ ಹೋದೆ.

ಮೊದಲ ಸುತ್ತಿನ ಭಜಿ ಇನ್ನೂ ಎಣ್ಣೆಯಿಂದ ತೆಗೆದಿರಲಿಲ್ಲ, ಪಡಸಾಲೆಯಿಂದ ಚೇತನನ ದನಿ ಬಂತು.

"ಪಿಂಕಿ, ನನ್ನೋನು ತಾನ ಎಡಕ್ಕ ಹೊಂಟಾನ. ನಾ ಏನೂ ಒತ್ತಿಲ್ಲ."

ಹಿಂದಿನ ಕೋಣೆಯಿಂದಲೂ ಅದೇ ದೂರು. ಡೂಪ್ಲಿಕೇಟು ರಿಮೋಟಿನಿಂದ ಬೆರಳು ತೆಗೆದರೂ ಟಿವಿಯೊಳಗಿನ ಆಟಗಾರರೆಲ್ಲ ತಮ್ಮಷ್ಟಕ್ಕೆ ಎಡಕ್ಕೆ ನಡೆಯುತ್ತಿದ್ದರು. ಇವರು ಅಡುಗೆಮನೆಗೆ ಬಂದರು, ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಏ, ಕೇಳಿಲ್ಲಿ. ನಾನ ಕೆಡಿಸಿದೆ. ಹೋಗಿಬಿಡತಾರ ಅವರು."

ಸಿಟ್ಟು ನನಗೂ ಬಂದಿತ್ತು. ಸಮ ಸಮ ಎಂದು ಎಲ್ಲರಿಗೂ ಕೆಟ್ಟದ್ದನ್ನೇ ಬಡಿಸಿಬಿಟ್ಟಿರಲ್ಲ ಎನ್ನುವ ಮಾತು ನಾಲಿಗೆಯ ಮೇಲಿತ್ತು. ಇವರ ಮುಖ ಕಂಡು ನುಂಗಿಕೊಂಡೆ. ಇಬ್ಬರೂ ಗೋಡೆಗೆ ಆತು ಕಿವಿಗೊಟ್ಟು ನಿಂತೆವು.

"ಗೂಡಿನ್ಯಾಗ ಎರಡು ಒಳ್ಳೇವು ಅದಾವಲ್ಲ, ತಗೊಳ್ಳೋಣೇನು?" ಎಂದ ಚೇತನ.

ಪಿಂಕಿ ತನ್ನ ಕೋಣೆಯಿಂದ ಕೂಗಿದಳು. "ಬ್ಯಾಡ. ಇಬ್ಬರಿಗೆ ಒಳ್ಳೇದು, ಇಬ್ಬರಿಗೆ ಇದು ಅಂದ್ರ ಪಂಕ್ತಿಭೇದ ಆಗತೈತಿ. ಎಲ್ಲಾರೂ ಎಡಕ್ಕ ಹೋಗೂಣು."

ಇವರು ನನ್ನ ತೋಳು ಹಿಡಿದುಕೊಂಡರು.

ಆಟ ಮುಂದುವರಿಯಿತು. ಚೆಂಡು ಬಲಗಡೆ ಬಿದ್ದರೆ ಅದನ್ನು ಮುಟ್ಟುವವರೇ ಇಲ್ಲ, ಎರಡೂ ತಂಡ ಎಡಗೆರೆಯ ಹತ್ತಿರ ಗುಂಪಾಗಿ ನಿಲ್ಲುತ್ತಿದ್ದವಂತೆ. ಪಡಸಾಲೆಯವರು ಕೋಣೆಯವರನ್ನು ಬೈದರು, ಕೋಣೆಯವರು ಪಡಸಾಲೆಯವರನ್ನು. ಅದರ ನಡುವೆ ಪಿಂಕಿ ನಕ್ಕಳು. ಉಸಿರು ಸಿಗದೆ, ಮೂಗಿನಲ್ಲಿ ಸದ್ದು ಮಾಡುತ್ತ ನಗುವ ಅವಳ ಹಳೆಯ ನಗು. ಅದು ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು. ಎಣ್ಣೆಯಲ್ಲಿದ್ದ ಭಜಿ ಕರಕಾದವು, ನಾನು ಅಳುತ್ತಿದ್ದೆ.

ಮರುದಿನ ಬೆಳಿಗ್ಗೆ ಇವರು ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು ಕೇಬಲ್ಲಿನ ತುದಿ ಹಿಡಿದುಕೊಂಡಿದ್ದರು. ಹೇಳಿದ ದಿನ ಮುಗಿದಿತ್ತಲ್ಲ. ಒಳಗೆ ಪಿಂಕಿ ಕೆಲಸಕ್ಕೆ ಕೂತಿದ್ದಳು.

"ಸುತ್ತಲೇನವ್ವಾ?" ಎಂದರು.

ಅವಳು ತಿರುಗಿ ನೋಡಲಿಲ್ಲ. "ಇರ್ಲಿ ಬಿಡಪ್ಪಾ. ಬರೋ ಭಾನುವಾರ ಮತ್ತ ಬರತಾರ."

ಇವರು ಕೇಬಲ್ ಕೆಳಗಿಟ್ಟು, ಬಹಳ ಹೊತ್ತು ಅದನ್ನೇ ಗೋಡೆಯಂಚಿಗೆ ಸರಿಪಡಿಸುತ್ತ ಕೂತರು. ಆಮೇಲೆ ಊಟದ ಮನೆಯಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಎಷ್ಟು ಮಂದಿ?"

"ನನ್ನೂ ಸೇರಿ ಆರು."

ಎದ್ದು ಅಂಗಿ ತೊಟ್ಟರು, ಕೊಡೆ ಹುಡುಕಿದರು. ಎಲ್ಲಿಗೆ ಎಂದು ಕೇಳಿದೆ.

"ಕೋಠಿಗೆ. ಇನ್ನೆರಡು ರಿಮೋಟು ಬೇಕಲ್ಲ. ಅದ ಅಂಗಡ್ಯಾಗ ತರಬೇಕು, ಅವೂ ಎಡಕ್ಕ ಹೋಗಬೇಕು."