ಮನೋಹರಣ್ಣ ಒಪ್ಪಿಕೊಂಡ ತಪ್ಪು

ಮಲ್ಲಿಪಟ್ಟಣದ ನಮ್ಮ ಮನೋಹರಣ್ಣ ಯಾರ ಮೇಲೂ ಕೈ ಎತ್ತಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೋರ್ಟಿನ ಕಾಗದದಲ್ಲಿ ಬೇರೆಯೇ ಇದೆ.

ಒಂಬತ್ತು ವರ್ಷದ ಹಿಂದೆ, ಅಂಬೇಡ್ಕರ್ ಜಯಂತಿಯ ಫ್ಲೆಕ್ಸ್ ಕಟ್ಟುವ ಜಾಗಕ್ಕೆ ಹೊಡೆದಾಟವಾಯಿತು. ಬಿಡಿಸಲು ಹೋದ ಮನೋಹರಣ್ಣನೂ ಸೇರಿ ಹನ್ನೊಂದು ಜನರ ಮೇಲೆ ಕೇಸು. ಕೂಲಿ ಬಿಟ್ಟು ಅರಕಲಗೂಡಿನ ಕೋರ್ಟಿಗೆ ಎರಡು ವರ್ಷ ಅಲೆದರು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಒಂದೇ ದಿನಕ್ಕೆ ಬಿಡುಗಡೆ ಎಂದರು ವಕೀಲರು.

"ನಾನ್ ಒಡ್ದೇ ಇಲ್ವಲ್ಲ, ಯಾಕ್ ಒಪ್ಕೊಳ್ಲಿ?" ಎಂದ ಮನೋಹರಣ್ಣ.

ನಮ್ಮ ಬೀದಿಯ ಯಜಮಾನ ಗಂಗಯ್ಯ ತಾತ ಅವನನ್ನು ಪಕ್ಕಕ್ಕೆ ಕರೆದ. "ನೀನೊಬ್ಬ ಸತ್ಯವಂತ, ಮಿಕ್ಕೋರೆಲ್ಲ ಕಳ್ರೇನ್ಲಾ? ಎಲ್ರೂ ಒಂದೇ ಮಾತಾಡ್ಬೇಕು ಕಣ. ನಿನ್ನಿಂದ ಅವ್ರ ಕೂಲಿ ಕೆಡ್ಬಾರ್ದು."

ಯಜಮಾನರ ಮಾತು ಮೀರುವ ಅಭ್ಯಾಸ ನಮ್ಮ ಬೀದಿಯಲ್ಲಿಲ್ಲ. ಮನೋಹರಣ್ಣನೂ ಜಡ್ಜ್ ಮುಂದೆ ತಲೆಯಾಡಿಸಿದ. ಅವತ್ತು ಹನ್ನೊಂದು ಜನವೂ ಒಟ್ಟಿಗೆ ಬೋಂಡಾ ತಿಂದು ಬಸ್ ಹತ್ತಿದರು.

ಆಮೇಲೆ ಮದುವೆ, ಮಗಳು ನಿಸರ್ಗ. ಹೆಂಡತಿ ಶಾಂತಿ ಹಾಸನದಲ್ಲಿ ನರ್ಸ್ ಆಗಿದ್ದವಳು, ಎರಡು ವರ್ಷದ ಹಿಂದೆ ಇಂಗ್ಲೆಂಡಿನ ಆಸ್ಪತ್ರೆಗೆ ಸೇರಿದಳು. ಮಗುವನ್ನು ಸಾಕಿದವನು ಮನೋಹರಣ್ಣ. ಜಡೆ ಹಾಕುವುದನ್ನೂ ಯೂಟ್ಯೂಬ್ ನೋಡಿ ಕಲಿತ. ಹುಲ್ಲಿನ ಹೊರೆ ಕಟ್ಟಿದ್ದೀಯ ಎಂದು ನಾವು ನಗುತ್ತಿದ್ದೆವು.

ಈ ವರ್ಷ ಅಪ್ಪ, ಮಗಳು ಇಬ್ಬರಿಗೂ ವೀಸಾ ಅರ್ಜಿ ಹಾಕಲು ಕೊಣನೂರಿನ ಬ್ರೌಸಿಂಗ್ ಸೆಂಟರಿಗೆ ಹೋದ. ಸೆಂಟರಿನ ಗೌರೀಶ ಟೈಪ್ ಮಾಡುತ್ತ, "ಅಣ್ಣ, ಕೋರ್ಟಲ್ಲಿ ಶಿಕ್ಷೆ ಗಿಕ್ಷೆ ಆಗೈತಾ?" ಎಂದ.

"ಜೈಲು ನೋಡೇ ಇಲ್ಲ ಕಣಪ್ಪ. ದಂಡ ಕಟ್ಟಿ ಕೇಸ್ ಮುಗ್ಸಿದ್ವಿ."

"ಅಂಗಾರೆ ಇಲ್ಲ ಅಂತ ಒತ್ತೀನಿ."

ದಂಡವೂ ಶಿಕ್ಷೆಯೇ ಎಂಬುದು ಇಬ್ಬರಿಗೂ ತಿಳಿಯದು. ವೀಸಾದವರು ಪೊಲೀಸರ ಪತ್ರ ಕೇಳಿದಾಗ ಹಳೆಯ ತೀರ್ಪು ಹೊರಬಂತು. ಮಗಳಿಗೆ ವೀಸಾ ಬಂತು. ಅವನಿಗೆ ಇಲ್ಲ. ಕಾರಣ ಹೊಡೆದಾಟವಲ್ಲ, ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟದ್ದು. ಇನ್ನು ಹತ್ತು ವರ್ಷ ಅರ್ಜಿ ಹಾಕಿದರೂ ಉಪಯೋಗವಿಲ್ಲ.

ಗಂಗಯ್ಯ ತಾತ ಕೋಲೂರಿಕೊಂಡು ಬಂದ. "ನೀನ್ ಒಡ್ದಿಲ್ಲ ಅಂತ ನಾನೇ ಬಂದು ಏಳ್ತೀನಿ ಕಣ ಮಗಾ."

"ಯಾರ್ಗೇಳ್ತೀಯ ತಾತ? ಒಡ್ದೆ ಅಂತ ನಾನೇ ಏಳ್ಬುಟ್ಟಿದೀನಿ."

ಶಾಂತಿ ಕೆಲಸ ಬಿಟ್ಟು ಬರುತ್ತೇನೆ ಎಂದಳು. ಇವನು ಬೇಡವೆಂದ. ಮಗು ಅಲ್ಲಿ ಓದಲಿ ಎಂದ. ಹೋದ ವಾರ ಅವಳು ರಜೆಗೆ ಬಂದು ಮಗುವನ್ನು ಕರೆದುಕೊಂಡು ಹೊರಟಳು. ಹಾಸನದ ಬಸ್ ನಿಲ್ದಾಣದಲ್ಲಿ ಬ್ಯಾಗುಗಳನ್ನು ಮೇಲಿಡಲು ಮನೋಹರಣ್ಣನ ಜೊತೆ ನಾನೂ ಬಸ್ ಹತ್ತಿದ್ದೆ.

"ಅಪ್ಪ, ನಿನ್ ಬ್ಯಾಗೆಲ್ಲಿ?" ಎಂದಳು ನಿಸರ್ಗ.

"ಮುಂದಿನ್ ಬಸ್ಸಿಗ್ ಬತ್ತೀನಿ ಕಣವ್ವ. ನೀನ್ ಓಗಿ ಜಾಗ ಇಡ್ಕೊಂಡಿರು."

ಅವನು ಇಳಿದ ಮೇಲೆ ಮಗು ಪಕ್ಕದ ಖಾಲಿ ಸೀಟಿಗೆ ತನ್ನ ಕರ್ಚೀಫ್ ಹಾಕಿತು. ಶಾಂತಿ ಅದನ್ನು ತೆಗೆಯಲಿಲ್ಲ.