ಹಿಂದಿನ ಸೀಟಿನ ಎಡಗಡೆ

ಅವರ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ವರ್ಷಗಟ್ಟಲೆ ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದು ಆದ ಕಚ್ಚು. ಅದು ಎಡಗಡೆಯ ಹಲ್ಲೋ ಬಲಗಡೆಯದೋ ಈಗ ಖಾತ್ರಿಯಿಲ್ಲ. ಅವರು ನಮ್ಮ ಕಾರು ರಿಪೇರಿ ಮಾಡಿದ ದಿನದ ನನ್ನ ಡೈರಿಯಲ್ಲಿ ‘ಕಾರು ಸರಿಹೋಯಿತು’ ಎಂಬ ಎರಡೇ ಪದಗಳಿವೆ. ಮಿಕ್ಕದ್ದೆಲ್ಲ ನೆನಪಿನದು, ಅದರಲ್ಲಿ ನಾನೇ ಸೇರಿಸಿದ್ದೂ ಇರಬಹುದು.

ಬ್ಯಾಟರಾಯನಪುರದ ಸರ್ವಿಸ್ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದರು ಆ ಎಲೆಕ್ಟ್ರಿಷಿಯನ್. ಊರು ಹುಣಸಮಾರನಹಳ್ಳಿ. ಗಾಡಿ ಬಂದ ಕೂಡಲೇ ಬಾನೆಟ್ ಎತ್ತುವವರಲ್ಲ. ಸತ್ತ ಬ್ಯಾಟರಿಯೊಂದರ ಮೇಲೆ ಕುಳಿತು, ಮೊದಲು ಬಂದವರನ್ನು ಮಾತಾಡಿಸುತ್ತಿದ್ದರು. “ಗಾಡಿ ಸುಳ್ಳೇಳಲ್ಲ ಮೇಡಂ. ನಾವೇ ಪೂರ್ತಿ ಏಳಲ್ಲ” ಎನ್ನುವುದು ಅವರ ವಾಡಿಕೆಯ ಮಾತು.

ನಮ್ಮ ಹಳೆಯ ಕಾರು ಓಡುತ್ತ ಓಡುತ್ತಲೇ ನಿಂತುಬಿಡುತ್ತಿತ್ತು. ಒಮ್ಮೆ ಹೆಬ್ಬಾಳ ಫ್ಲೈಓವರಿನ ಏರಿನಲ್ಲೇ ನಿಂತಿತು, ಹಿಂದೆ ಬಸ್ಸುಗಳ ಹಾರ್ನು. ಎಲ್ಲರೂ ಇಳಿದು ತಳ್ಳಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಎರಡು ಗ್ಯಾರೇಜಿನವರು ಓಡಿಸಿ ನೋಡಿ, ಏನೂ ಇಲ್ಲವೆಂದು ವಾಪಸ್ ಕೊಟ್ಟಿದ್ದರು.

ಕಾರಣ ಹೇಳಿದ್ದು ಚಿಕ್ಕಮ್ಮ. “ನಿಮ್ಮತ್ತೆ ಕೂತಾಗ್ಲೇ ಕಣೆ ನಿಲ್ಲೋದು. ಬೇಕಾದ್ರೆ ಜ್ಞಾಪಿಸ್ಕೊ.” ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಅಲ್ಲಾಳಸಂದ್ರದ ನಮ್ಮ ಮನೆಯಲ್ಲೇ ಇದ್ದವರು. ಅಡುಗೆಮನೆಯ ಆ ಮಾತು ಹಜಾರದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವರ ಕಿವಿಗೆ ಬಿತ್ತು. ಅಂದಿನಿಂದ ಅವರು ಕಾರು ಹತ್ತಲಿಲ್ಲ. ಯಶವಂತಪುರದಲ್ಲಿ ನಡೆದ ಚಿಕ್ಕಮ್ಮನ ಮಗಳ ಮದುವೆಗೂ ಬರಲಿಲ್ಲ. “ನೀವ್ ಹೋಗಿ, ನಂಗೆ ಮಂಡಿ ನೋವು” ಅಂದರು. ಬಾ ಅಂತ ಯಾರೂ ಎರಡನೇ ಸಲ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಕೊನೆಗೆ ಕಾರನ್ನು ಆ ಶೆಡ್ಡಿಗೆ ಒಯ್ದಾಗ ಎಲೆಕ್ಟ್ರಿಷಿಯನ್ ಮೊದಲು ಕೇಳಿದ್ದು: “ನಿಂತಾಗ ಗಾಡೀಲಿ ಯಾರ್ಯಾರಿದ್ರು?”

ನನಗೆ ರೇಗಿತು. ಗ್ಯಾರೇಜುಗಳಲ್ಲಿ ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಅವರ ಮುಂದೆ ಸಿಡುಕಿನಲ್ಲೇ ಹೇಳಿದೆ. “ನಮ್ಮತ್ತೆ ಕೂತ್ರೆ ನಿಲ್ಲುತ್ತೆ ಅಂತಾರೆ. ನಾನದನ್ನ ನಂಬಲ್ಲ.”

ಅವರು ನಗಲಿಲ್ಲ. “ನಂಬೋದ್ ಬ್ಯಾಡ. ಎಲ್ಲಿ ಕೂರ್ತಾರೆ?”

“ಹಿಂದೆ, ಎಡಗಡೆ. ಅದು ಅವ್ರ ಜಾಗ. ಅಲ್ಲಿ ಬೇರೆ ಯಾರೂ ಕೂರಲ್ಲ.”

“ಕರ್ಕೊಂಡ್ ಬನ್ನಿ ಅವ್ರನ್ನ.”

ಅತ್ತೆ ಒಪ್ಪುವುದಕ್ಕೆ ಎರಡು ದಿನ ಹಿಡಿಯಿತು. “ನಾನ್ ಹೋದ್ರೆ ಪಾಪ ಅವರ ಅಂಗಡೀಲೂ ಏನಾದ್ರೂ ಆದೀತು ಕಣೆ” ಎನ್ನುತ್ತಲೇ ಆಟೋದಲ್ಲಿ ಬಂದರು. ಶೆಡ್ಡಿನಲ್ಲೇ ಬಿಟ್ಟಿದ್ದ ಕಾರಿನ ಎಂಜಿನ್ ಚಾಲೂ ಇತ್ತು. “ದಿನಾ ಎಂಗ್ ಕೂರ್ತೀರೋ ಅಂಗೇ ಕೂತ್ಕೊಳ್ಳಿ ಅಮ್ಮ” ಎಂದರು ಎಲೆಕ್ಟ್ರಿಷಿಯನ್. ಅತ್ತೆ ಕುಳಿತು, ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆಗೆ ವಾಲಿದರು. ಎಂಜಿನ್ ನಿಂತಿತು.

ಅತ್ತೆಯ ಮುಖ ನೋಡಲಾಗಲಿಲ್ಲ. ಇಳಿಯಲು ಕಾಲು ಹೊರಗಿಟ್ಟರು.

“ಇಳೀಬ್ಯಾಡಿ. ನೀವಿಳಿದ್ರೆ ಕಳ್ಳ ತಪ್ಪಿಸ್ಕೊಂತಾನೆ.”

ಒಂದೆರಡು ಕಡೆ ಟೆಸ್ಟ್ ಲ್ಯಾಂಪ್ ಇಟ್ಟು ಕರೆಂಟು ಬರುತ್ತಿದೆಯೇ ಎಂದು ನೋಡಿದ ಮೇಲೆ ಅತ್ತೆಯನ್ನು ಕೈಹಿಡಿದು ಇಳಿಸಿದರು. ಮತ್ತೆ ಸ್ಟಾರ್ಟ್ ಮಾಡಿ, ಅದೇ ಜಾಗದಲ್ಲಿ ತಾವೇ ಕುಳಿತು ವಾಲಿದರು. ಎಂಜಿನ್ ನಿಂತಿತು. “ನೋಡಿ ಅಮ್ಮ, ನಾನ್ ಕೂತ್ರೂ ನಿಲ್ತದೆ.” ಇನ್ನೊಮ್ಮೆ ಕುಳಿತರು. ಇನ್ನೊಮ್ಮೆಯೂ ನಿಂತಿತು. ಆ ಎರಡನೆಯ ಸಲದ ಅಗತ್ಯ ಕಾರಿಗಿರಲಿಲ್ಲ.

ಸೀಟು ಎತ್ತಿದರು. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿಗೆ ಹೋಗುವ ವೈರು ಸೀಟಿನ ಕಬ್ಬಿಣದಡಿ ಸಿಕ್ಕಿಕೊಂಡು ಜಜ್ಜಿಹೋಗಿತ್ತು. ಒಳಗೆ ಎರಡೋ ಮೂರೋ ಎಳೆ ಉಳಿದಿದ್ದವು. ಭಾರ ಬಿದ್ದರೆ ಅವೂ ಬಿಟ್ಟುಕೊಳ್ಳುತ್ತಿದ್ದವು. ಆ ತುಂಡನ್ನು ಕತ್ತರಿಸಿ, ಹೊಸ ವೈರು ಜೋಡಿಸಿ, ಕತ್ತರಿಸಿದ್ದನ್ನು ಅತ್ತೆಯ ಅಂಗೈಯಲ್ಲಿಟ್ಟರು. “ಇಟ್ಕೊಳಿ. ಯಾರಾನಾ ಏನಾನಾ ಅಂದ್ರೆ ತೋರ್ಸಿ.”

ಅತ್ತೆ ಹಿಂದಿನ ಸೀಟಿನ ಎಡಗಡೆ ಕುಳಿತು ಮನೆಗೆ ಬಂದರು. ದಾರಿಯುದ್ದಕ್ಕೂ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದರು.

ಆರೇಳು ವರ್ಷಗಳಾದ ಮೇಲೆ ಒಂದು ಬೆಳಗ್ಗೆ ಹಾರ್ನ್ ಸರಿಮಾಡಿಸಲು ಹೋದರೆ ಶೆಡ್ಡಿಗೆ ಬೀಗ ಬಿದ್ದಿತ್ತು. ಪಕ್ಕದ ಪಂಕ್ಚರ್ ಅಂಗಡಿಯವರು, “ತೀರ್ಕೊಂಡ್ರು ಮೇಡಂ, ತಿಂಗಳಾಯ್ತು” ಎಂದರು. ಸತ್ತ ಬ್ಯಾಟರಿ ಇನ್ನೂ ಹೊರಗೇ ಇತ್ತು. ಅವರ ಮನೆ ಯಾವ ಬೀದಿಯಲ್ಲಿ ಎಂದು ನಾನೆಂದೂ ಕೇಳಿರಲಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆ ಒಳಗೆ ಹೋಗಿ ಕನ್ನಡಕದ ಡಬ್ಬಿ ತಂದರು. ಅದರಲ್ಲಿ, ಕನ್ನಡಕ ಒರೆಸುವ ಬಟ್ಟೆಯ ಕೆಳಗೆ, ಆ ವೈರಿನ ತುಂಡು ಇತ್ತು. ಯಾರಿಗಾದರೂ ತೋರಿಸಿದ್ದರೋ ಇಲ್ಲವೋ ತಿಳಿಯದು. ಬೆರಳಲ್ಲಿ ಒಮ್ಮೆ ಸವರಿ, ಮುಚ್ಚಿಟ್ಟು, ಒಳಗೆ ಹೋದರು.

ಅಪ್ಪ ಅಲ್ಲೇ ಪೇಪರ್ ಓದುತ್ತಿದ್ದರು. ಅವರನ್ನು ಕೇಳಿದೆ: “ಯಶವಂತಪುರದ ಮದುವೆ ದಿನ ಕಾರಲ್ಲಿ ಹಿಂದೆ ಜಾಗ ಖಾಲಿ ಇತ್ತಲ್ಲಪ್ಪ, ಅತ್ತೇನ ಯಾಕೆ ಬಲವಂತ ಮಾಡಿ ಕರೀಲಿಲ್ಲ? ನೀವೂ ನಂಬಿದ್ರಾ?”

ಅಪ್ಪ ಪುಟ ತಿರುವಿದರು.