ಎರವಲು ಮಂದಿ ತುಂಬಿದ ಭಾನುವಾರ

ಬ್ಯಾಡಗಿಯ ನಮ್ಮ ಸಭೆಗೆ ಸ್ವಂತ ಪಾಸ್ಟರ್ ಅಂತ ಇದ್ದದ್ದು ಆ ಒಬ್ಬರೇ. ಅವರು ಹೋದದ್ದು ನನ್ನಿಂದ. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ನಮ್ಮದು ಪ್ರೆಸ್ಬಿಟೇರಿಯನ್ ಪದ್ಧತಿಯ ಸಭೆ. ಆ ಹೆಸರು ನನ್ನ ಬಾಯಲ್ಲಿ ಈಗಲೂ ಸರಿಯಾಗಿ ಹೊರಳುವುದಿಲ್ಲ, ಪದ್ಧತಿ ಮಾತ್ರ ಗೊತ್ತು. ನಮ್ಮಲ್ಲಿ ಬಿಷಪ್ ಇಲ್ಲ. ಊರಿನ ಸಭೆಯನ್ನು ನಾವೇ ಆರಿಸಿದ ಹಿರಿಯರು ಪಾಸ್ಟರ್ ಜೊತೆ ಕೂತು ನಡೆಸುತ್ತಾರೆ. ಸುತ್ತಲಿನ ಎಲ್ಲ ಊರುಗಳ ಪಾಸ್ಟರುಗಳೂ ಹಿರಿಯರೂ ಹಾವೇರಿಯಲ್ಲಿ ಕೂಡುತ್ತಾರೆ, ಅದೇ ಪ್ರಾಂತ ಮಂಡಳಿ. ಯಾವ ಊರಿಗೆ ಯಾವ ಪಾಸ್ಟರ್, ಯಾವ ಗುಡಿಯ ಮಾಡು ಸೋರುತ್ತದೆ, ಎಲ್ಲಿ ಜಗಳ ಹತ್ತಿದೆ, ಎಲ್ಲ ಅಲ್ಲಿಯೇ ತೀರ್ಮಾನ. ಕೈಲಾಗದ ಸಭೆಯ ಪಾಸ್ಟರಿಗೆ ಮಂಡಳಿಯೇ ಸಂಬಳ ಕೊಡುತ್ತಿತ್ತು. ನಮ್ಮದು ಕೈಲಾಗದ ಸಭೆ.

ಮೊಮ್ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ನನ್ನನ್ನು ಹಿರಿಯಳನ್ನಾಗಿ ಮಾಡಿದರು. ಕಲಿತವರು ಯಾರೂ ಒಪ್ಪಲಿಲ್ಲ, ಅದಕ್ಕೆ. ನನ್ನ ಜೊತೆಗಿದ್ದ ಇನ್ನೊಬ್ಬ ಹಿರಿಯ ಬಡಿಗ. ಅವನಿಗೆ ಕಿವಿ ಮಂದ. ನಾನು ತಲೆಯಾಡಿಸಿದರೆ ಅವನೂ ಆಡಿಸುತ್ತಿದ್ದ.

ಸಭೆಯ ಹೆಂಗಸರಲ್ಲಿ ಹೆಚ್ಚಿನವರು ನನ್ನ ಹಾಗೆ ಮೆಣಸಿನಕಾಯಿ ತೊಟ್ಟು ಬಿಡಿಸುವವರು. ಸುಗ್ಗಿ ಬಂತೆಂದರೆ ಭಾನುವಾರ ಇಲ್ಲ, ಸೋಮವಾರ ಇಲ್ಲ, ರಾಶಿಯ ಮುಂದೆ ಕೂತವರು ಏಳುವಂತಿಲ್ಲ. ಆಗ ಪ್ರಾರ್ಥನೆಗೆ ಬರುವವರು ಎರಡು ಬೆಂಚಿಗೆ ಸಾಕಾಗುತ್ತಿರಲಿಲ್ಲ. ಪಾಸ್ಟರು ಅದಕ್ಕೆ ಬೇಜಾರು ಮಾಡಿಕೊಂಡವರಲ್ಲ. ಅವರ ಹೆಂಡತಿಯನ್ನು ನಾವು ಅಕ್ಕೋರು ಅನ್ನುತ್ತಿದ್ದೆವು. ಸಂಜೆ ಕೆಲಸ ಮುಗಿಸಿ, ಘಾಟಿಗೆ ಉರಿಯುವ ಕಣ್ಣು ತೊಳೆದುಕೊಂಡು ಅವರ ಕಟ್ಟೆಯ ಮೇಲೆ ಕೂತರೆ ಅಕ್ಷರ ಕಲಿಸುತ್ತಿದ್ದರು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಮತ್ತೆ ಅಲ್ಲಿ ಹಿಡಿದೆ. ಕದರಮಂಡಲಗಿಯಿಂದ ದಿನಾ ಬಸ್ಸಿಗೆ ಬರುವ, ನನ್ನ ಸೊಸೆಯ ವಯಸ್ಸಿನ ಒಬ್ಬ ಹೆಣ್ಣುಮಗಳು ಎಲ್ಲರಿಗಿಂತ ಮುಂದೆ ಕೂಡುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ. "ಬಸ್ಸಿನ ಬೋರ್ಡ್ ನಾನs ಓದಿ ಹತ್ತಬೇಕ್ರಿ ಅಕ್ಕೋರ. ಕೇಳಿದ್ರ ಗಂಡಸ್ರು ಹಲ್ಲು ಕಿಸೀತಾರ" ಅನ್ನುತ್ತಿದ್ದಳು.

ಆ ವರ್ಷ ಸುಗ್ಗಿಯ ನಡುವೆಯೇ ಮಂಡಳಿಯವರು ಸಭೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಕೆಲವು ವರ್ಷಕ್ಕೊಮ್ಮೆ ಹಾಗೆ ಬರುವುದುಂಟು. ಎರಡು ಬೆಂಚಿನ ಮಂದಿಗೆ ಒಬ್ಬ ಪಾಸ್ಟರ್ ಯಾಕೆ ಎಂದು ಅವರನ್ನು ಕಿತ್ತುಕೊಂಡು ಹೋದರೆ? ಪಾಸ್ಟರಿಗೆ ಹೇಳಿದೆ. ಅವರು ನಕ್ಕರು.

"ಅವ್ವಾ, ಅವರು ತಲಿ ಎಣಿಸಾಕ ಬರೂದಿಲ್ಲ. ನಾವು ಹೆಂಗ ಅದೀವಿ, ಏನು ಬೇಕಾಗೇತಿ ಅಂತ ಕೇಳಾಕ ಬರ್ತಾರ. ಇದ್ದದ್ದು ಇದ್ದಂಗ ಇರ್ಲಿ."

"ಇದ್ದಂಗ ತೋರ್ಸಿದ್ರ ಮಾನ ಉಳೀತದೇನ್ರಿ" ಎಂದೆ.

ಕಾಯಿನ್ ಡಬ್ಬಿಯ ಫೋನಿನಿಂದ ರಾಣೆಬೆನ್ನೂರಿನ ನನ್ನ ಬೀಗಿತಿಗೆ ಫೋನ್ ಮಾಡಿದೆ. ಅವರ ಸಭೆ ದೊಡ್ಡದು, ಬೀಜದ ಕಂಪನಿಯಲ್ಲಿ ಕೆಲಸ ಮಾಡುವವರು, ಅಂಗಡಿ ಇಟ್ಟವರು ಎಲ್ಲ ಇದ್ದಾರೆ.

"ಮದುವೀನೂ ಇಲ್ಲ, ಕುಬಸಾನೂ ಇಲ್ಲ, ಎದಕ್ಕ ಕರೀತೀರಿ ಬೀಗಿತ್ಯಾರ?" ಎಂದಳು.

"ಬಂದು ಬೆಂಚಿನ ಮ್ಯಾಲ ಕುಂದರ್ರಿ, ಸಾಕು. ಹೋಳಿಗಿ ಮಾಡ್ತೇನಿ."

"ಹಾಡಬೇಕೋ, ಬರೇ ಕುಂದರಬೇಕೋ?"

"ಹಾಡ್ರಿ. ಜೋರಾಗಿ ಹಾಡ್ರಿ."

ಟೆಂಪೋ ತುಂಬ ಬಂದರು. ಬೆಂಚು ಸಾಲದೆ ಗಂಡಸರು ಹಿಂದೆ ನಿಂತರು. ನಮ್ಮ ಗುಡಿಯಲ್ಲಿ ಅಂಥ ಹಾಡು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಇಲ್ಲ. ಮಂಡಳಿಯಿಂದ ಇಬ್ಬರು ಬಂದಿದ್ದರು. ಅವರಲ್ಲಿ ಹಿರಿಯವರು ಬೆಳ್ಳಗಿನ ಗಡ್ಡದ ಒಬ್ಬ ಪಾಸ್ಟರು, ಪದೇ ಪದೇ ಹಿಂದೆ ತಿರುಗಿ ನೋಡಿ ಸಂತೋಷಪಡುತ್ತಿದ್ದರು. ಪಾಸ್ಟರು ಉಪದೇಶ ಮಾಡುವಾಗ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಊಟಕ್ಕೆ ಮುಂಚೆ ಕೇಳುವ ಪದ್ಧತಿ ಇತ್ತು. ಪಾಸ್ಟರನ್ನು ಹೊರಗೆ ಕಳಿಸಿ ಹಿರಿಯರನ್ನು ಕೇಳುತ್ತಾರೆ, ಹಿರಿಯರನ್ನು ಕಳಿಸಿ ಪಾಸ್ಟರನ್ನು ಕೇಳುತ್ತಾರೆ. ಒಬ್ಬರ ಮುಂದೆ ಒಬ್ಬರು ಮುಚ್ಚಿಡಬಾರದೆಂದು. ಗಡ್ಡದವರು ನಮ್ಮನ್ನು ಕೂಡಿಸಿಕೊಂಡು, "ಏನು ಕಡಿಮಿ ಐತಿ, ಮಂಡಳಿ ಏನು ಮಾಡಬೇಕು, ಬಿಚ್ಚಿ ಹೇಳ್ರಿ" ಎಂದರು.

ಮನೆಗೆ ಬಂದವರು ಹೀಗೆ ಕೇಳಿದರೆ ನಾವು ಏನು ಹೇಳುತ್ತೇವೆ? ಹಿಟ್ಟಿನ ಡಬ್ಬಿ ಖಾಲಿ ಇದ್ದರೂ ಒಂದೇ ಮಾತು. ಅದೇ ಬಂತು ಬಾಯಿಗೆ.

"ಏನೂ ಕಡಿಮಿ ಇಲ್ರಿ. ದೇವರು ಎಲ್ಲಾ ಕೊಟ್ಟಾನ."

ಬಡಿಗ ತಲೆಯಾಡಿಸಿದ.

ಪಾಸ್ಟರನ್ನು ಕೇಳಿದಾಗ ಅವರು, ಹಿರಿಯರು ಹೇಳಿದ್ದೇ ನನ್ನ ಮಾತು ಅಂದರಂತೆ. ನಮ್ಮನ್ನು ಸುಳ್ಳು ಮಾಡಲಿಲ್ಲ. ತಮಗಾಗಿ ಬಾಯಿ ತೆರೆಯುವವರೂ ಅವರಲ್ಲ.

ಮಳೆಗಾಲ ಶುರುವಾಗುವಷ್ಟರಲ್ಲಿ ಅವರನ್ನು ಮೇಡ್ಲೇರಿಗೆ ಹಾಕಿದರು. ಹೊಳೆದಂಡೆಯ ಆ ಊರಿನ ಸಭೆಗೆ ಬಹಳ ದಿನದಿಂದ ಪಾಸ್ಟರೇ ಇರಲಿಲ್ಲ. ಬ್ಯಾಡಗಿ ಸಭೆ ಬೆಳೆದಿದೆ, ಕಾಲ ಮೇಲೆ ನಿಲ್ಲಬಲ್ಲದು, ಬೇಕಾದವರನ್ನು ತಾವೇ ಸಂಬಳ ಕೊಟ್ಟು ಕರೆಸಿಕೊಳ್ಳಲಿ ಎಂದು ಮಂಡಳಿಯ ವಿಚಾರ. ಮಂಡಳಿಯದು ತಪ್ಪೇನಿಲ್ಲ. ಇದ್ದೊಂದು ರೊಟ್ಟಿಯನ್ನು ಹಸಿದವರಿಗೆ ಕೊಟ್ಟಿತು. ನಾವು ಹೊಟ್ಟೆ ತುಂಬಿದೆ ಎಂದಿದ್ದೆವು.

ಸಾಮಾನು ಏರಿಸುವ ದಿನ ಪಾಸ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಕ್ಕೋರು ಕರಿಹಲಗೆಯನ್ನು ನನ್ನ ಕೈಗೆ ಕೊಟ್ಟು, "ಇದು ಇಲ್ಲೇ ಇರ್ಲಿ" ಎಂದರು. ಕದರಮಂಡಲಗಿಯವಳು ಲಾರಿಯ ಹಿಂದೆ ಬರೆದದ್ದನ್ನು ಓದಲು ಹೊರಟು ಅರ್ಧಕ್ಕೆ ನಿಂತಳು. ಒತ್ತಕ್ಷರ ಇನ್ನೂ ಬಂದಿರಲಿಲ್ಲ.

ಮುಂದಿನ ಮಂಡಳಿ ಕೂಡಿದಾಗ ನಾನೇ ಹಾವೇರಿಗೆ ಹೋದೆ. ಇದ್ದದ್ದು ಹೇಳಿ ಪಾಸ್ಟರನ್ನು ವಾಪಸ್ ಕೇಳುವುದೆಂದು ಹೆಂಗಸರ ಮುಂದೆ ಮಾತು ಕೊಟ್ಟು ಹೋಗಿದ್ದೆ. ನಮಗಿಂತ ಮೊದಲು ಮೇಡ್ಲೇರಿಯವರ ಸರದಿ ಬಂತು. ಒಬ್ಬ ಮುದುಕ ಎದ್ದ. ಹೊಲದಿಂದ ಹಾಗೇ ಬಂದವನಂತೆ ಇದ್ದ.

"ನಮ್ಮೂರಾಗ ಪಾಸ್ಟರ್ ಇಲ್ಲದs ನನ್ನ ಹೇಣ್ತಿ ಮಣ್ಣಿಗೆ ಹ್ವಾದ್ಲರಿ. ಕಡೀಗೆ ಪ್ರಭುವಿನ ಭೋಜನದ ರೊಟ್ಟಿ ಕೊಡಾಕೂ ಯಾರೂ ಇರ್ಲಿಲ್ಲ. ಈಗ ಪಾಸ್ಟರ್ ಬಂದಾರ. ನಾ ಹ್ವಾದ್ರ ಇರ್ತಾರ. ಅಷ್ಟs ಹೇಳಾಕ ಬಂದೇನಿ" ಎಂದು ಕೂತ.

ಅಧ್ಯಕ್ಷರು, "ಬ್ಯಾಡಗಿಯವರು ಹೇಳ್ರಿ" ಎಂದರು.

ಎದ್ದು ನಿಂತೆ. "ಅವತ್ತು ನೀವು ನೋಡಿದ ಮಂದಿ ನಮ್ಮವರಲ್ರಿ. ರಾಣೆಬೆನ್ನೂರಿಂದ ನಾ ಕರಸಿದ್ದೆ. ನಮ್ಮ ಮಂದಿ ಎರಡು ಬೆಂಚು."

ಗಡ್ಡದವರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಡ್ಲೇರಿಯ ಮುದುಕ ಹೆಗಲ ಮೇಲಿನ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಹಿಂಡುತ್ತಿದ್ದ. ಅವನ ಪಾಸ್ಟರನ್ನು ಕಸಿಯಲು ಬಂದವಳು ನಾನೆಂದು ಅವನಿಗೆ ತಿಳಿದಿತ್ತು.

"ಹಂಗಾದ್ರ ಪಾಸ್ಟರನ್ನ ವಾಪಸ್ ಕಳಸಬೇಕನ್ನೂದು ನಿಮ್ಮ ಮಾತೇನು?" ಎಂದು ಅಧ್ಯಕ್ಷರು ಕೇಳಿದರು.

"ಬ್ಯಾಡ್ರಿ" ಎಂದೆ. "ತಿಂಗಳಿಗೊಂದು ಭಾನುವಾರ ಯಾರನ್ನರ ಕಳಸ್ರಿ."

ರಾಣೆಬೆನ್ನೂರಿನ ಪಾಸ್ಟರು ತಿಂಗಳಿಗೊಮ್ಮೆ ಬರುವುದೆಂದಾಯಿತು. ಉಳಿದ ಭಾನುವಾರ ಹಿರಿಯರೇ ನಡೆಸಬೇಕು. ಹಿರಿಯರೆಂದರೆ ನಾನು ಮತ್ತು ಕಿವಿ ಕೇಳದ ಬಡಿಗ.

ಮರುದಿನ ರಾಶಿಯ ಮುಂದೆ ಕೂತು ಹೆಂಗಸರಿಗೆ ಹೇಳಿದೆ. ಕದರಮಂಡಲಗಿಯವಳು ಕೈ ನಿಲ್ಲಿಸಿದಳು.

"ಅವರು ಕೊಡ್ತೇವಂದ್ರ ನೀನs ಬ್ಯಾಡಂದ್ಯಾ?"

"ಹೌದು."

"ನಮ್ಮನ್ನ ಕೇಳಿದ್ಯಾ? ಮಂದೀನ ಕರಸೂ ಮುಂದ ಕೇಳ್ಲಿಲ್ಲ, ಬ್ಯಾಡನ್ನೂ ಮುಂದನೂ ಕೇಳ್ಲಿಲ್ಲ."

ಅಕ್ಷರ ನನಗೆ ಗೊತ್ತಿದ್ದಷ್ಟು ನಾನೇ ಕಲಿಸುತ್ತೇನೆ ಎಂದೆ.

"ಓದಾಕ ನಿಂತ್ರ ನಿನಗs ಉಬ್ಬಸ ಬರ್ತೇತಿ. ನನಗೇನ್ ಕಲಸ್ತಿ?" ಎಂದು ಬುಟ್ಟಿ ಎತ್ತಿಕೊಂಡು ರಾಶಿಯ ಆಚೆ ಬದಿಗೆ ಹೋಗಿ ಕೂತಳು. ಖರೇ ಮಾತು. ಭಾನುವಾರ ನಾನು ಓದುವ ಪಾಠ ಒಂದೊಂದಕ್ಷರ ಹಿಡಿದು ಮುಗಿಯುವಷ್ಟರಲ್ಲಿ ಮಕ್ಕಳು ನಿದ್ದೆ ಮಾಡುತ್ತವೆ.

ತಿಂಗಳಿಗೊಮ್ಮೆ ರಾಣೆಬೆನ್ನೂರಿನ ಪಾಸ್ಟರು ಬರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಚಹಾ ಕುಡಿಯುತ್ತ, "ಮತ್ತ ಅವ್ವಾ, ಏನರ ಕಡಿಮಿ ಐತೇನು?" ಎಂದು ಕೇಳುತ್ತಾರೆ. ಏನೂ ಇಲ್ರಿ ಎಂಬುದೇ ಇವತ್ತಿಗೂ ಮೊದಲು ನಾಲಿಗೆಯ ತುದಿಗೆ ಬರುತ್ತದೆ. ಹಿಂದಿನ ಬೆಂಚಿನಿಂದ ಕದರಮಂಡಲಗಿಯವಳು ನನ್ನನ್ನೇ ನೋಡುತ್ತಿರುತ್ತಾಳೆ.

"ಐತ್ರಿ" ಅನ್ನುತ್ತೇನೆ. "ಅಕ್ಷರ ಕಲಸೂರು ಒಬ್ರು ಬೇಕಾಗ್ಯಾರ."

ಮಂಡಳಿಗೆ ಹೇಳುತ್ತೇನೆ ಎನ್ನುತ್ತಾರೆ. ಹೇಳುತ್ತಲೂ ಇರಬಹುದು. ಅವಳು ಮಾತ್ರ ಈಗಲೂ ಬಸ್ಸಿನ ಬಾಗಿಲಲ್ಲಿ ನಿಂತು, ಇದು ಎಲ್ಲಿಗೆ ಹೋಗುತ್ತದೆಂದು ಕೇಳಿಯೇ ಹತ್ತುತ್ತಾಳೆ.